ಮುಂದಿನ ಸೀಟಿನ ಬಗ್ಗೆ ಎರಡು ಮಾತು

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಡಿಪೋ ಮ್ಯಾನೇಜರ್ ಸಾಹೇಬರೇ, ಮುಖ್ಯ ಅತಿಥಿಗಳಾಗಿ ಬಂದು ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಒಳ್ಳೆಯ ಮಾತುಗಳನ್ನೆಲ್ಲ ಹೇಳಿ ಮುಗಿಸಿರುವ ಹಿರಿಯ ಅಧಿಕಾರಿಗಳೇ, ವೇದಿಕೆಯಲ್ಲಿ ಕುರ್ಚಿ ಸಾಲದೆ ಮೆಟ್ಟಿಲ ಮೇಲೆ ಕೂತಿರುವ ಸಂಘದ ಪದಾಧಿಕಾರಿಗಳೇ, ಕೈಯ ಗ್ರೀಸ್ ಒರೆಸಿಕೊಳ್ಳುತ್ತಲೇ ಎದ್ದು ಬಂದಿರುವ ಮೆಕ್ಯಾನಿಕ್ ಮಿತ್ರರೇ, ಡ್ರೈವರ್ ಕಂಡಕ್ಟರ್ ಬಂಧುಗಳೇ, ಮುಂದಿನ ಸಾಲಿನಲ್ಲಿರುವ ನನ್ನ ಅಕ್ಕ ಮತ್ತು ನನ್ನ ಮನೆಯವರೇ, ಸಭಿಕರೇ, ಎಲ್ಲರಿಗೂ ನನ್ನ ವಂದನೆಗಳು.

ನನಗೆ ಭಾಷಣ ಬರುವುದಿಲ್ಲ. ಹೀಗೆ ಹೇಳಿದವರೆಲ್ಲ ಆಮೇಲೆ ಗಂಟೆಗಟ್ಟಲೆ ಮಾತಾಡಿದ್ದನ್ನು ನಾವು ಇದೇ ಹಾಲಿನಲ್ಲಿ ಕೂತು ಅನುಭವಿಸಿದ್ದೇವೆ. ನನ್ನದು ಹಾಗಲ್ಲ, ನಿಜಕ್ಕೂ ಬರುವುದಿಲ್ಲ. ಯಾಕೆ ಅಂದರೆ, ಕೆಲಸಕ್ಕೆ ಸೇರಿದ ದಿನದಿಂದ ನಾನು ಜನಕ್ಕೆ ಬೆನ್ನು ತೋರಿಸಿಯೇ ಕೂತವನು. ಬಸ್ಸು ತುಂಬ ಜನರನ್ನು ಕರೆದುಕೊಂಡು ಹೋಗಿದ್ದೇನೆ, ಒಬ್ಬರ ಮುಖವನ್ನೂ ಸರಿಯಾಗಿ ನೋಡಿಲ್ಲ. ಈಗ ನೀವು ಇಷ್ಟು ಜನ ಒಟ್ಟಿಗೆ ನನ್ನ ಮುಖ ನೋಡುತ್ತಿದ್ದರೆ ಬಲಗಾಲು ತಾನಾಗಿಯೇ ಬ್ರೇಕ್ ಹುಡುಕುತ್ತಿದೆ.

ಮುಖ್ಯ ಅತಿಥಿಗಳು ಈಗತಾನೇ ಒಂದು ವಿಷಯ ಹೇಳಿದರು. ನಾಳೆ ಬೆಳಿಗ್ಗೆ ನಾನೂ ನನ್ನ ಅಕ್ಕನೂ ಒಂದೇ ಸೈಕಲ್ಲಿನ ಮೇಲೆ ಬೆಟ್ಟ ದಾಟಿ ಸಮುದ್ರಕ್ಕೆ ಹೊರಡುತ್ತೇವೆ, ಡಿಪೋ ಗೇಟಿನಲ್ಲಿ ಅವರೇ ಹಸಿರು ಬಾವುಟ ತೋರಿಸುತ್ತಾರೆ, ನಿವೃತ್ತಿ ಅಂದರೆ ಹೀಗಿರಬೇಕು, ಅಂತ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಚಪ್ಪಾಳೆ ಮುಗಿಯುವವರೆಗೂ ನಾನು ನನ್ನ ಬೂಟನ್ನೇ ನೋಡುತ್ತಿದ್ದೆ. ಕೆಲವರು ಅದನ್ನು ವಿನಯ ಅಂದುಕೊಂಡಿರಬಹುದು. ವಿನಯ ಅಲ್ಲ ಸ್ವಾಮಿ. ಅದೇನು ಅಂತ ಹೇಳುವುದಕ್ಕೇ ಇಲ್ಲಿ ನಿಂತಿದ್ದೇನೆ, ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ.

ಗೊತ್ತಿಲ್ಲದವರಿಗಾಗಿ ಅಕ್ಕನಿಂದಲೇ ಶುರು ಮಾಡುತ್ತೇನೆ. ನನ್ನ ಅಕ್ಕನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು. ಯಾವ ಡಾಕ್ಟರು ಮನೆಯಲ್ಲಿ ಜಗಳ ಮಾಡಿಕೊಂಡು ಬಂದಿದ್ದಾರೆ ಅನ್ನುವುದು ಅವರ ಒಂದು 'ಹಲೋ'ದಲ್ಲೇ ಅವಳಿಗೆ ಗೊತ್ತಾಗುತ್ತಿತ್ತಂತೆ. ಮಾತು ಎಳೆಯುವವರನ್ನು ಕಂಡರೆ ಆಗುತ್ತಿರಲಿಲ್ಲ. ಅರ್ಧ ವಾಕ್ಯ ಕೇಳಿ, 'ತಿಳೀತು, ಇರಿ' ಅಂತ ಬೇರೆ ಲೈನಿಗೆ ಕೊಟ್ಟುಬಿಡುತ್ತಿದ್ದಳು. ಆಸ್ಪತ್ರೆ ಬಿಟ್ಟು ಎಷ್ಟೋ ವರ್ಷಗಳಾದವು, ಆ ಅಭ್ಯಾಸ ನಮ್ಮ ಮನೆಯಲ್ಲಿ ಮುಂದುವರಿದಿದೆ. ನಾನು 'ಅಕ್ಕ, ಒಂದು ಮಾತು' ಅಂದರೆ ಸಾಕು, 'ತಿಳೀತು' ಅನ್ನುತ್ತಾಳೆ. ಏನು ತಿಳಿಯಿತೋ ದೇವರಿಗೇ ಗೊತ್ತು.

ಚಿಕ್ಕವರಿದ್ದಾಗ ಅಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ಅವಳನ್ನು ಕೂರಿಸಿಕೊಂಡು ಬೀದಿ ಸುತ್ತುತ್ತಿದ್ದೆ. ಒಂದು ದಿನ ಇಳಿದವಳೇ, 'ಮೂಟೆ ಥರ ಕೂತು ಕೂತು ಸಾಕಾಗಿದೆ ಕಣೋ, ನನಗೂ ತುಳಿಯೋಕೆ ಏನಾದ್ರೂ ಕೊಡು' ಅಂದಳು. ಕೊಡುವುದಕ್ಕೆ ಅರ್ಧ ಆಯಸ್ಸು ಬೇಕಾಯಿತು. ಹಳೆ ಸೈಕಲ್ ಅಂಗಡಿಯ ಮೂಲೆಯಲ್ಲಿ ಎರಡು ಸೀಟು, ಎರಡು ಜೊತೆ ಪೆಡಲ್ ಇರುವ ಸೈಕಲ್ ನೋಡಿದೊಡನೆ ಕೊಂಡು ಮನೆಗೆ ತಂದುಬಿಟ್ಟೆ. ಮುಂದೆ ಕೂತವನ ಕೈಯಲ್ಲಿ ಹ್ಯಾಂಡಲ್ಲು, ಬ್ರೇಕು. ಹಿಂದೆ ಕೂತವರದು ತುಳಿಯುವುದಷ್ಟೇ. ಅಕ್ಕ ಮೊದಲ ದಿನವೇ ಎಷ್ಟು ಜೋರಾಗಿ ತುಳಿದಳು ಅಂದರೆ, ಘಾಟಿಯಲ್ಲಿ ಬಸ್ಸು ಇಳಿಸುವ ನಾನು ನಮ್ಮ ಬೀದಿಯ ಇಳಿಜಾರಿನಲ್ಲಿ ಹೆದರಿಬಿಟ್ಟೆ.

ಆಗಲೇ ಅವಳು ಕೇಳಿದ್ದು. 'ನೀನು ದಿನಾ ಹೋಗ್ತೀಯಲ್ಲ, ಆ ದಾರಿ ಎಷ್ಟು ಏರಿದೆ ಅಂತ ನನ್ನ ಕಾಲಿಗೆ ಗೊತ್ತಾಗ್ಬೇಕು. ಸಮುದ್ರದ ತನಕ ಹೋಗೋಣ್ವಾ?' ನಾನು ಏನು ಹೇಳಿದೆ? ನಾವೆಲ್ಲ ಹೇಳುವುದನ್ನೇ ಹೇಳಿದೆ. 'ರಿಟೈರ್ ಆಗ್ಲಿ ಅಕ್ಕ, ನೋಡೋಣ.' ಸಭಿಕರೇ, ನಾವು 'ನೋಡೋಣ' ಅಂದರೆ ಅದರ ಅರ್ಥವೇನು? ರಜೆ ಕೇಳಲು ಹೋದಾಗ ಮ್ಯಾನೇಜರ್ ಸಾಹೇಬರು 'ನೋಡೋಣ' ಅಂದರೆ ನಾವು ಏನು ತಿಳಿದುಕೊಳ್ಳುತ್ತೇವೆ? ಅಕ್ಕ ಮಾತ್ರ ಅದನ್ನು ಸೀಟು ಬುಕ್ ಆದಂತೆ ತಿಳಿದುಕೊಂಡಳು. 'ತಿಳೀತು' ಅಂದಳು.

ಕಳೆದ ವರ್ಷದಿಂದ ನಮ್ಮ ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿಲ್ಲ. ದೊಡ್ಡ ರಟ್ಟಿನ ಮೇಲೆ ಅಕ್ಕ ದಾರಿಯನ್ನೇ ಕೂರಿಸಿದ್ದಾಳೆ. ರಸ್ತೆಗೆ ಗೋಂದು ಹಾಕಿ ಅಂಟಿಸಿದ ನೂಲು, ಬೆಟ್ಟಕ್ಕೆ ಕಾಗದದ ಮುದ್ದೆ, ರಾತ್ರಿ ತಂಗುವ ಊರಿಗೆ ನನ್ನ ಹಳೆ ಯೂನಿಫಾರ್ಮಿನ ಗುಂಡಿ. ನಾನು ಹೇಳುತ್ತಿದ್ದೆ, ಅವಳು ಅಂಟಿಸುತ್ತಿದ್ದಳು. ಆ ದಾರಿ ನನಗೆ ಅಂಗೈ ಇದ್ದ ಹಾಗೆ ತಾನೇ? ಎಲ್ಲಿ ಡಾಂಬರು ಎದ್ದಿದೆ, ಎಲ್ಲಿ ಎರಡನೇ ಗೇರಿಗೆ ಬರಬೇಕು, ಎಲ್ಲಿ ಲಾರಿಗಳು ನುಗ್ಗಿ ಬರುತ್ತವೆ, ಎಲ್ಲ ಬಾಯಿಪಾಠ. ಮೊದಲ ದಿನ ತಪ್ಪಲಿನವರೆಗೆ, ಎರಡನೆಯ ದಿನ ಅರ್ಧ ಬೆಟ್ಟ, ಇಳಿಯುವಾಗ ಬ್ರೇಕ್ ಬಿಸಿಯಾಗುತ್ತದೆ, ಆದ್ದರಿಂದ ನಡುನಡುವೆ ನಿಲ್ಲಿಸಬೇಕು ಅಂತೆಲ್ಲ ವೇಳಾಪಟ್ಟಿ ಹಾಕಿದೆ. ಊಟಕ್ಕೆ ಇಪ್ಪತ್ತು ನಿಮಿಷ, ಟೀಗೆ ಹತ್ತು. ಅಕ್ಕ ನಕ್ಕಳು. 'ಇದು ಬಸ್ಸಲ್ವೋ. ನಿನ್ನ ಹಿಂದೆ ಇರೋದು ಒಬ್ಬಳೇ ಪ್ಯಾಸೆಂಜರು. ಅವಳೂ ತುಳೀತಾ ಇರ್ತಾಳೆ.' ಸಾಮಾನಿನ ವಿಷಯದಲ್ಲೂ ಜಗಳ. ನನಗೆ ನನ್ನ ದಿಂಬು ಬೇಕು, ಅವಳಿಗೆ ಅವಳ ರೇಡಿಯೋ ಬೇಕು. ರೇಡಿಯೋ ಗೆದ್ದಿತು.

ಹೀಗೆ ನೂಲು ಅಂಟಿಸುತ್ತಾ ಬೆಟ್ಟದ ತಲೆಗೆ ಬಂದಾಗ ಅವಳ ಬೆರಳು ನಿಂತಿತು. 'ಸಮುದ್ರ ಮೊದಲು ಎಲ್ಲಿ ಕಾಣುತ್ತೆ?' ಅಂದಳು. 'ಅಲ್ಲೊಂದು ಗುಂಡಿ ಅಂಟಿಸ್ತೀನಿ.'

ನಾನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಆ ದಾರಿಯಲ್ಲಿ ಬಸ್ಸು ಓಡಿಸಿದೆ. ಎಷ್ಟು ಜ್ಞಾಪಿಸಿಕೊಂಡರೂ ತಿರುವುಗಳು ಬರುತ್ತವೆ, ತಡೆಗೋಡೆ ಬರುತ್ತದೆ, ಎದುರಿನ ಲಾರಿಯ ದೀಪ ಬರುತ್ತದೆ, ಸಮುದ್ರ ಬರುವುದಿಲ್ಲ. 'ನಾಳೆ ಹೇಳ್ತೀನಿ' ಅಂದೆ. ಮರುದಿನ ನಮ್ಮ ಕಂಡಕ್ಟರ್ ಅವರನ್ನು ಕೇಳಿದೆ. ಇಲ್ಲೇ ಕೂತಿದ್ದಾರೆ, ಮೂರನೇ ಸಾಲಿನಲ್ಲಿ, ಎಷ್ಟೋ ವರ್ಷ ನನ್ನ ಬೆನ್ನನ್ನೇ ನೋಡಿದ ಪುಣ್ಯಾತ್ಮರು. ಅವರು ನನ್ನನ್ನು ಒಂದು ಥರ ನೋಡಿದರು. 'ತಮಾಷೆ ಮಾಡ್ತಿದ್ದೀರಾ ಡ್ರೈವರಣ್ಣ? ಬೆಟ್ಟದ ತಲೆ ದಾಟಿದ ಮೇಲೆ ಎರಡನೇ ತಿರುವು. ಬಲಗಡೆ ಕೂತೋರೆಲ್ಲ ಎದ್ದು ಎಡಗಡೆ ಕಿಟಕಿಗೆ ಮುಗಿಬೀಳ್ತಾರೆ. ಮಕ್ಕಳು ಕಿರುಚ್ತಾವೆ. ನಾನು ಎಷ್ಟು ಬಯ್ದ್ರೂ ಕೂರಲ್ಲ. ಬಸ್ಸೇ ಎಡಕ್ಕೆ ವಾಲುತ್ತೆ, ನಿಮಗೆ ಗೊತ್ತೇ ಆಗಿಲ್ವಾ?'

ಸಭಿಕರೇ, ಗೊತ್ತಾಗಿತ್ತು. ಆ ತಿರುವಿನಲ್ಲಿ ಬಸ್ಸು ಎಡಕ್ಕೆ ವಾಲುತ್ತದೆ ಅಂತ ನಾನು ಎಷ್ಟು ಸಲ ದೂರು ಬರೆದಿದ್ದೇನೆ, ಮೆಕ್ಯಾನಿಕ್ ಮಿತ್ರರನ್ನು ಕೇಳಿ. ನಗುತ್ತಿದ್ದಾರೆ ನೋಡಿ! ಎಡಗಡೆಯ ಸ್ಪ್ರಿಂಗ್ ಪಟ್ಟಿ ಬದಲಾಯಿಸಿದರು. ಮತ್ತೆ ವಾಲಿತು. ಮತ್ತೆ ಬದಲಾಯಿಸಿದರು. ಹೊಸ ಬಸ್ಸೇ ಕೊಟ್ಟರು, ಅದೂ ವಾಲಿತು. 'ಈ ಮನುಷ್ಯ ಕೂತ ಬಸ್ಸೆಲ್ಲ ಯಾಕೆ ವಾಲುತ್ತೆ' ಅನ್ನುತ್ತಿದ್ದರು, ವರ್ಕ್‌ಶಾಪಿನಲ್ಲಿ ನನಗೊಂದು ಅಡ್ಡಹೆಸರೂ ಇತ್ತು, ಅದನ್ನು ಈ ವೇದಿಕೆಯಲ್ಲಿ ಹೇಳಲಾರೆ. ಮಕ್ಕಳು ಕಿರುಚುವುದೂ ಕೇಳಿಸುತ್ತಿತ್ತು. ಪಾಪ, ಹೆದರಿದ್ದಾವೆ ಅಂದುಕೊಂಡು ನಾನು ಇನ್ನೂ ನಿಧಾನ ಮಾಡುತ್ತಿದ್ದೆ.

ಹಾಗಾದರೆ ಕೊನೆಯ ನಿಲ್ದಾಣದಲ್ಲಿ ಇಳಿದು ಸಮುದ್ರ ನೋಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಡ್ರೈವರುಗಳು ಯಾರೂ ಕೇಳುವುದಿಲ್ಲ, ಅವರಿಗೆ ಗೊತ್ತು. ಬಸ್ಸು ನಿಲ್ಲಿಸಿ ಸಿಬ್ಬಂದಿ ಕೋಣೆಗೆ ಹೋಗಿ ಬೆಂಚಿನ ಮೇಲೆ ಬಿದ್ದರೆ, ವಾಪಸು ಹೊರಡುವ ಹೊತ್ತಿಗೆ ಕಂಡಕ್ಟರ್ ಬಂದು ಅಲ್ಲಾಡಿಸಬೇಕು. ಇದನ್ನು ಕೇಳಿ ಅಕ್ಕ ಮರುಗಲಿಲ್ಲ, ಕುಣಿದಾಡಿಬಿಟ್ಟಳು. 'ಅಂದ್ರೆ ನೀನೂ ನೋಡಿಲ್ಲ! ಇಬ್ರೂ ಮೊದಲನೇ ಸಲ ಒಟ್ಟಿಗೆ ಹೋದಂಗಾಯ್ತಲ್ಲೋ!' ಅಂದಳು. ಅವಳಿಗೆ ಅಷ್ಟು ಸಂತೋಷವಾದಾಗ ನಾನು ಬೇರೆ ಏನು ಹೇಳಲಿ? ಹೇಳಬೇಕೆಂದಿದ್ದದ್ದನ್ನು ಬಿಟ್ಟು, ಅವಳ ಗುಂಡಿಗೆ ಗೋಂದು ಹಚ್ಚಿಕೊಟ್ಟೆ.

ಅದೇನು ಅಂದರೆ, ನನಗೆ ಹೋಗುವುದಕ್ಕೆ ಮನಸ್ಸಿಲ್ಲ.

ಮನೆಯವಳಿಗೆ ಹೇಳಿದೆ. 'ಅತ್ತಿಗೆಗೆ ನೀವೇ ಹೇಳಿ, ನನ್ನ ಬಾಯಲ್ಲಿ ಹೇಳಿಸಬೇಡಿ' ಅಂದಳು. ಎಷ್ಟೋ ಸಲ ಪ್ರಯತ್ನಪಟ್ಟೆ. 'ಅಕ್ಕ, ಒಂದು ಮಾತು' ಅನ್ನುತ್ತೇನೆ. 'ತಿಳೀತು, ರೇನ್‌ಕೋಟು ತಾನೇ? ತಗೊಂಡಿದ್ದೀನಿ' ಅನ್ನುತ್ತಾಳೆ.

ಹೋದ ತಿಂಗಳು ಒಂದು ಭಾನುವಾರ ನನ್ನ ಸೊಂಟ ಕೈಕೊಟ್ಟಿತು. ಅಭ್ಯಾಸ ತಪ್ಪಬಾರದು ಅಂತ ಅಕ್ಕನ ಹಟ. ಕಂಡಕ್ಟರ್ ಅವರು ನನ್ನನ್ನು ನೋಡಲು ಬಂದಿದ್ದರು, ಅವರನ್ನೇ ಮುಂದೆ ಹತ್ತಿಸಿಕೊಂಡು ಹೊರಟಳು. ನಾನು ಕಿಟಕಿಯ ಪಕ್ಕ ಮಲಗಿದ್ದೆ. ವಾಪಸು ಬರುವಾಗ ಸೈಕಲ್ಲಿಗಿಂತ ಮೊದಲು ಅಕ್ಕನ ನಗು ಬಂತು. ಕಂಡಕ್ಟರ್ ಅವರ ಬಾಯಿ ನಿಂತಿರಲಿಲ್ಲ. 'ಇಲ್ಲೊಬ್ಬ ಹಲ್ಲುಜ್ಜುತ್ತಾ ಗೇಟಲ್ಲಿ ನಿಂತವ್ನೆ. ನಮ್ಮನ್ನ ನೋಡಿ ಬ್ರಷ್ಷು ಬಾಯಲ್ಲೇ ಬಿಟ್ಟ. ಅವನ ನಾಯಿನೂ ಬಾಯಿ ಬಿಟ್ಕೊಂಡು ನಿಂತಿದೆ. ಎರಡೂ ಒಂದೇ ಥರ ಕಾಣ್ತವೆ ಅಕ್ಕಾವ್ರೇ.' ಅಕ್ಕ ನಕ್ಕು ನಕ್ಕು ಪೆಡಲ್ ತಪ್ಪಿಸಿದಳು. ನನಗೆ ಹೊಟ್ಟೆಕಿಚ್ಚಾಯಿತು. ಮುಚ್ಚಿಡುವುದೇನು? ಚೆನ್ನಾಗಿಯೇ ಆಯಿತು. ನನ್ನ ಹಿಂದೆ ಕೂತು ಅಕ್ಕ ಅಷ್ಟು ನಕ್ಕಿದ್ದು ನನಗೆ ನೆನಪಿಲ್ಲ. ನಾನು ಹೇಳುವುದು ಮೂರೇ ಮಾತು: ಗುಂಡಿ, ಉಬ್ಬು, ತಿರುವು.

ಸಭಿಕರೇ, ಮುಖ್ಯ ಅತಿಥಿಗಳು ನನ್ನನ್ನು ಒಂದೂ ಅಪಘಾತ ಮಾಡದ ಡ್ರೈವರ್ ಅಂದರು. ಅದು ನಿಜ. ಆದರೆ ಅದು ಹೇಗಾಯಿತು ಅಂತ ಯಾರಾದರೂ ಕೇಳಿದ್ದೀರಾ? ಹಿಂದೆ ಬಸ್ಸು ತುಂಬ ಜೀವಗಳಿವೆ ಅನ್ನುವುದನ್ನು ಒಂದು ಗಳಿಗೆಯೂ ಮರೆಯದೆ ಇದ್ದುದರಿಂದ. ಆಕಾಶ ನೋಡಲಿಲ್ಲ, ಹಕ್ಕಿ ನೋಡಲಿಲ್ಲ. ನಿದ್ದೆಯಲ್ಲೂ ಬ್ರೇಕ್ ಒತ್ತುತ್ತೇನೆ, ನನ್ನ ಮನೆಯವಳ ಕಾಲು ಕೇಳಿ ನೋಡಿ. ನನ್ನದು ಬರೀ ಕಾಲುನೋವಾಗಿದ್ದರೆ ಎಣ್ಣೆ ಹಚ್ಚಿದರೆ ಹೋಗುತ್ತಿತ್ತು. ಇದು ಅದಲ್ಲ. ಇನ್ನೊಬ್ಬರನ್ನು ಹಿಂದೆ ಕೂರಿಸಿಕೊಂಡು ಮುಂದೆ ನೋಡುವುದು ನನಗೆ ಸಾಕಾಗಿದೆ. ಸಾಕಾಗಿಹೋಗಿದೆ. ಹಿಂದೆ ಬಸ್ಸು ತುಂಬ ಇದ್ದರೂ ಒಂದೇ, ಅಕ್ಕ ಒಬ್ಬಳೇ ಇದ್ದರೂ ಒಂದೇ, ನನ್ನ ಕಣ್ಣು ರಸ್ತೆ ಬಿಟ್ಟು ಮೇಲೇಳುವುದಿಲ್ಲ. ನಾಳೆ ಅವಳನ್ನು ಕರೆದುಕೊಂಡು ಆ ಎರಡನೇ ತಿರುವಿಗೆ ಹೋದರೂ ನಾನು ಸಮುದ್ರ ನೋಡುವುದಿಲ್ಲ. 'ತಿರುವು' ಅನ್ನುತ್ತೇನೆ. ಅವಳಿಗೆ ಸಿಗುವುದು ಅಷ್ಟೇ.

ಕಂಡಕ್ಟರ್ ಅವರೇ, ನಿಮಗೆ ಬೇಕಾದಷ್ಟು ರಜೆ ಉಳಿದಿದೆ, ಮ್ಯಾನೇಜರ್ ಸಾಹೇಬರು ಇಲ್ಲೇ ಇದ್ದಾರೆ, ಇಷ್ಟು ಜನರ ಮುಂದೆ 'ನೋಡೋಣ' ಅನ್ನಲಾರರು. ನಿಮ್ಮ ಮನೆಯವರು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಾರೆ, ಅವರ ಕ್ಷಮೆ ಕೇಳುತ್ತೇನೆ. ಮುಂದಿನ ಸೀಟಿನಲ್ಲಿ ನೀವು ಕೂರಬೇಕು. ಮಾತಿನ ಭರದಲ್ಲಿ ಗುಂಡಿ ಮರೆಯಬೇಡಿ, ಅಷ್ಟೇ.

ಅಕ್ಕಾ. ಇಲ್ಲಿ ಮೈಕು ನನ್ನ ಕೈಯಲ್ಲಿದೆ, ನೀನು ಲೈನ್ ಕಟ್ ಮಾಡೋಕಾಗಲ್ಲ. ಪೂರ್ತಿ ಕೇಳು. ನಾಳೆ ನಾನು ಬರಲ್ಲ ಅಕ್ಕ. ನಿನ್ನ ಮೇಲೆ ಬೇಜಾರಿಲ್ಲ, ಮೈಗೆ ಹುಷಾರಿಲ್ಲ ಅಂತಲೂ ಅಲ್ಲ. ತುಂಬಾ ದಣಿದಿದ್ದೀನಿ. ಜೊತೆಗೇ ಹೋಗೋಣ ಅಂತ ನೀನು ಆಸೆಪಟ್ಟೆ, ಅದನ್ನ ನಾನು ಮುರೀತಾ ಇದ್ದೀನಿ, ಗೊತ್ತು. ನೀನು ನಿಲ್ಲಬೇಡ. ಹೋಗಿ ಬಾ. ನನಗೆ ಸ್ವಲ್ಪ ದಿನ ಯಾರನ್ನೂ ಎಲ್ಲಿಗೂ ಕರೆದುಕೊಂಡು ಹೋಗದೆ ಇರೋಕೆ ಬಿಡು. ಆಗುತ್ತಾ?

ಕ್ಷಮಿಸಿ. ಎರಡು ನಿಮಿಷ.

ಅಕ್ಕ ನನ್ನ ಮನೆಯವಳ ಕೈ ಹಿಡಿದುಕೊಂಡು ಏನೋ ಕೇಳುತ್ತಿದ್ದಾಳೆ. ನಾನು ಎಷ್ಟು ದೂರದಲ್ಲಿ ನಿಂತಿದ್ದೇನೆ ಅಂತಲೋ ಏನೋ, ಇಲ್ಲಿಗೆ ಕೇಳಿಸುತ್ತಿಲ್ಲ. ಈಗ ಮುಖ ಈ ಕಡೆ ತಿರುಗಿಸಿದಳು. ತಲೆ ಆಡಿಸುತ್ತಿದ್ದಾಳೆ. ಮೇಲೆ, ಕೆಳಗೆ.

ಸಭಿಕರೇ, ನನ್ನ ಅಕ್ಕ ತಲೆ ಆಡಿಸುವವಳಲ್ಲ. ಒಪ್ಪಿಗೆಗೆ ತಲೆ ಆಡಿಸಬೇಕು ಅಂತ ಅವಳು ಯಾರನ್ನೂ ನೋಡಿ ಕಲಿತವಳಲ್ಲ. ಫೋನಿನಲ್ಲಿ ತಲೆ ಆಡಿಸಿದರೆ ಪ್ರಯೋಜನವೂ ಇಲ್ಲ. ಅವಳದು ಯಾವತ್ತೂ ಒಂದು 'ಹೂಂ', ಅಷ್ಟೇ. ಈಗಲೂ 'ಹೂಂ' ಅಂದಿರಬೇಕು. ನನಗೆ ಕೇಳಿಸಿರಲಿಕ್ಕಿಲ್ಲ, ಕಾಣಲಿ, ಅಂತ ತಲೆ ಆಡಿಸುತ್ತಿದ್ದಾಳೆ. ಇನ್ನೂ ಆಡಿಸುತ್ತಲೇ ಇದ್ದಾಳೆ.

ಕಾಣ್ತಾ ಇದೆ ಅಕ್ಕ. ಸಾಕು. ಕಾಣ್ತಾ ಇದೆ.

ನನ್ನನ್ನು ಇಷ್ಟು ವರ್ಷ ಸಹಿಸಿಕೊಂಡ ತಮಗೆಲ್ಲ ನಾನು ಋಣಿ. ನಾನಿನ್ನು ಇಳಿಯುತ್ತೇನೆ. ನಮಸ್ಕಾರ.