ಹಿತ್ತಾಳೆ ಬಳೆಗೆ ಇಟ್ಟ ದೃಷ್ಟಿಬೊಟ್ಟು

ಮೊದಲು ಆ ಫೋನುಗಳನ್ನು ಕೆಳಗಿಡಿ. ಮುದುಕಿಯೊಬ್ಬಳು ಮೈಕಿನ ಮುಂದೆ ನಿಂತಿದ್ದಾಳೆ. ನೀವು ಹೊರಗೆ ನಿಂತಿರುವ ಕಾರಿನ ಫೋಟೋವನ್ನು ಒಳಗೆ ಕೂತು ನೋಡುತ್ತಿದ್ದೀರಿ. ಎದ್ದು ಹತ್ತು ಹೆಜ್ಜೆ ಹಾಕಿದರೆ ಕಾರೇ ಇದೆಯಲ್ಲ! ನಾನು ಓದಿದ್ದು ಮೂರನೆಯ ಕ್ಲಾಸು. ಒಬ್ಬರು ಮಾತನಾಡುವಾಗ ಬಾಯಿ ಮುಚ್ಚಿಕೊಂಡಿರಬೇಕೆಂದು ಒಂದನೆಯ ಕ್ಲಾಸಿನಲ್ಲೇ ಕಲಿಸಿದ್ದರು.

ಈಗ ಕ್ರಮಪ್ರಕಾರ. ಹೊಸಕೋಟೆ ಹಳೇ ಕಾರು ಬಳಗದ ಅಧ್ಯಕ್ಷರಾದ ವೆಂಕಟರಮಣಪ್ಪನವರೇ, ನನ್ನದಕ್ಕಿಂತ ಮೆತ್ತಗಿನ ಕುರ್ಚಿಯಲ್ಲಿ ಕೂತಿರುವ ಅತಿಥಿಗಳೇ, ಶಾಲು ಹೊದ್ದು ಬೆವರುತ್ತಿರುವ ನನ್ನ ಮಗ ಚಲಪತಿಯೇ, ಸಭಿಕರೇ.

ನಮ್ಮ ಹಳೆಯ ಅಂಬಾಸಿಡರ್ ಕಾರನ್ನು ಹೊಸದು ಮಾಡಿದನೆಂದು ಚಲಪತಿಗೆ ಸನ್ಮಾನ. ಅದನ್ನು ಟ್ಯಾಕ್ಸಿಯಾಗಿ ಓಡಿಸಿದವರ ಹೆಂಡತಿಯೆಂದು ನನಗೆ ಎರಡು ಮಾತು. ಯಜಮಾನರ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ. ಹಿಂದೆ ಬ್ಯಾನರಿನಲ್ಲಿದೆ, ಓದಿಕೊಳ್ಳಿ.

ಸನ್ಮಾನ ಪತ್ರ ಓದಿದಿರಿ. 'ಮುಂದಿನ ದೀಪದ ಬಳೆಗಳನ್ನು ಹಿತ್ತಾಳೆಯಾಗಿಯೇ ಉಳಿಸಿಕೊಂಡದ್ದು ಮಾಲೀಕರ ಕಲಾಭಿರುಚಿ' ಅಂದಿರಿ. ಚಪ್ಪಾಳೆಯೂ ಬಿತ್ತು. ಕಾರು ಬಂದಾಗ ಆ ಬಳೆಗಳು ಬೆಳ್ಳಿಯಂತೆ ಬಿಳುಪಾಗಿದ್ದವು ಸ್ವಾಮಿ! ಆ ಬಿಳುಪನ್ನು ತೆಗೆದವಳು ನಾನು. ನಮ್ಮೂರು ಅನುಗೊಂಡನಹಳ್ಳಿಯಲ್ಲಿ ಇಪ್ಪತ್ತೆರಡು ವರ್ಷ, ದಿನಾ ಬೆಳಗ್ಗೆ, ಹುಣಸೆಹಣ್ಣು ಬೂದಿ ಹಾಕಿ ಬಿಂದಿಗೆ ಉಜ್ಜಿದಂತೆ ಉಜ್ಜಿದೆ. ಮೇಲಿನ ಲೇಪನವೆಲ್ಲ ಹೋಗಿ ಒಳಗಿನ ಹಿತ್ತಾಳೆ ಇಣುಕಿತು. ಯಜಮಾನರು ಗಿರಾಕಿಗಳಿಗೆ ಏನನ್ನುತ್ತಿದ್ದರು ಗೊತ್ತೇ? "ನೋಡಿ ಸಾ, ಗಾಡೀನ ಹೆಂಗ್ ಮಡಿಕ್ಕೊಂಡಿವ್ನಿ!"

ಆ ಕಾರಿನಲ್ಲಿ ನಾನು ಕೂತದ್ದು ಒಂದೇ ಸಲ. ಇದೇ ಚಲಪತಿಯನ್ನು ಹೆರಲು ಆಸ್ಪತ್ರೆಗೆ ಹೋದಾಗ. ಸೀಟು ಕೊಳೆಯಾದೀತೆಂದು ಕೆಳಗೆ ಗೋಣಿಚೀಲ ಹಾಸಿದ್ದರು. ಒಳ್ಳೆಯ ಮನುಷ್ಯರೇ. ಚೀಲವನ್ನು ಒಗೆದೇ ಹಾಸಿದ್ದರು. ಅದು ಹಾಗಿರಲಿ.

ಹೊಳಪಿನ ಮಾತಿಗೆ ಬರುತ್ತೇನೆ. ಹೊಳಪು ಎಂದರೆ ಸುಮ್ಮನೆ ಬರುತ್ತದೆಯೇ? ನಾಲ್ಕು ನೂರು ನಂಬರಿನ ಉಪ್ಪುಕಾಗದದಲ್ಲಿ ಉಜ್ಜಬೇಕು, ಆಮೇಲೆ ಎಂಟು ನೂರು, ಆಮೇಲೆ ಎರಡು ಸಾವಿರ. ಕಾಗದ ನಯವಾದಷ್ಟೂ ಕೈ ಒರಟಾಗುತ್ತದೆ. ಪಾಲಿಷ್ ಹಚ್ಚಿ ತಿಕ್ಕಬೇಕು, ಥಿನ್ನರಿನಲ್ಲಿ ಒರೆಸಬೇಕು. ಒರೆಸಿದ ಮೇಲೆ ಬೆರಳು ತಾಕಿಸುವಂತಿಲ್ಲ. ಕೊನೆಗೆ ನೀರಿನಂಥ ಒಂದು ಲೇಪನವನ್ನು ತೆಳ್ಳಗೆ ಮೂರು ಸಲ ಹೊಡೆಯಬೇಕು, ಹಿತ್ತಾಳೆ ಮತ್ತೆ ಕಪ್ಪಾಗದಿರಲಿ ಅಂತ. ಬಳೆ, ಹಿಡಿಕೆ, ಕನ್ನಡಿಯ ಕಡ್ಡಿ ಎಲ್ಲ ಸೇರಿ ನಾಲ್ಕು ತಿಂಗಳು ಉಜ್ಜಿದ್ದು ಯಾರು? ಚಲಪತಿಯೇ? ಅವನು ಮಾಡಿದ್ದು ಕೊನೆಯಲ್ಲಿ ಬುಸ್ ಬುಸ್ ಎಂದು ಲೇಪನ ಹೊಡೆದದ್ದು. ಉಜ್ಜಿದವಳು ನನ್ನ ಸೊಸೆ ಶಾಮಲಾ. ಬೆಳಗ್ಗೆ ಕೆಲಸಕ್ಕೆ ಹೋಗಿ, ಸಂಜೆ ಬಂದು, ಅಡಿಗೆ ಮುಗಿಸಿ, ಆಮೇಲೆ.

ಹಾಗಾದರೆ ಪತ್ರದಲ್ಲಿ ಅವಳ ಹೆಸರೇಕಿಲ್ಲ? ಟಿಂಕರಿಂಗ್ ಮಾಡಿದವರ ಹೆಸರಿದೆ, ಸೀಟು ಹೊಲಿದವರ ಹೆಸರಿದೆ. 'ಹೊಳಪು: ಚಲಪತಿ' ಎಂದಿದೆ. ಏಕೆಂದರೆ ಎಡಗಡೆಯ ಬಳೆಯ ಕೆಳಗೆ ಸಾಸಿವೆಯಷ್ಟು ಒಂದು ಕಲೆ ಇದೆ. ಅಲ್ಲಿ ಲೇಪನ ಹಿಡಿಯದೆ ಮೀನಿನ ಕಣ್ಣಿನಂತೆ ಗುಂಡಗೆ ಬಿಟ್ಟುಕೊಂಡಿದೆ, ನಡುವೆ ಕಪ್ಪು. ಅದನ್ನು ಕಂಡ ದಿನ ಇವನು ಮನೆ ಹಾರಿಹೋಗುವಂತೆ ಕೂಗಾಡಿದ.

"ಕಣ್ಣಿಗೆ ಕಾಡಿಗೆ ಹಚ್ಕೊಂಡ್ ಕೈಲೇ ಮುಟ್ಟಿದ್ದೀಯಲ್ಲ! ಕೆಲ್ಸ ಎಲ್ಲಾ ಹಾಳ್ ಮಾಡ್ಬಿಟ್ಟೆ!"

"ನಾನ್ ಮುಟ್ಟಿಲ್ಲ ಕಣ್ರೀ."

"ಹಂಗಾದ್ರೆ ದೆವ್ವ ಮುಟ್ತಾ? ನಿನ್ ಹೆಸ್ರು ಎಲ್ಲೂ ಹಾಕ್ಸಲ್ಲ, ತಿಳ್ಕೋ!"

ದೆವ್ವವಲ್ಲ, ಸಭಿಕರೇ. ನಾನು.

ಲೇಪನ ಹೊಡೆಯುವ ಮೊದಲು ಶಾಮಲಾ ಬಳೆಯನ್ನು ಥಿನ್ನರಿನಲ್ಲಿ ಒರೆಸಿಟ್ಟು ಒಳಗೆ ಹೋದಳು. ಆ ಬಳೆ ಹೇಗೆ ಬೆಳಗುತ್ತಿತ್ತು ಅಂದರೆ, ಅದರಲ್ಲಿ ನನ್ನ ಮುಖದ ಸುಕ್ಕುಗಳನ್ನು ಎಣಿಸಬಹುದಿತ್ತು. ಅಷ್ಟು ಚೆಂದ ಇದ್ದರೆ ಊರಿನ ಕಣ್ಣು ಬೀಳದೆ ಇರುತ್ತದೆಯೇ? ಕೂಸಿನ ಕೆನ್ನೆಗೆ ಇಡುವುದಿಲ್ಲವೇ? ಹಾಗೇ ನನ್ನ ಡಬ್ಬಿಯ ಹರಳೆಣ್ಣೆ ಕಾಡಿಗೆಯಲ್ಲಿ ಒಂದು ದೃಷ್ಟಿಬೊಟ್ಟು ಇಟ್ಟೆ. ಯಾರಿಗೂ ಕಾಣದಂತೆ ಕೆಳಗಡೆಗೇ ಇಟ್ಟೆ. ಎಣ್ಣೆಯ ಮೇಲೆ ಲೇಪನ ನಿಲ್ಲುವುದಿಲ್ಲವೆಂದು ಮೂರನೆಯ ಕ್ಲಾಸಿನಲ್ಲಿ ಹೇಳಿಕೊಟ್ಟಿರಲಿಲ್ಲ.

ಅವನು ಕೂಗಾಡುವಾಗ ಏಕೆ ಸುಮ್ಮನಿದ್ದೆ? ಊರಿಗೆಲ್ಲ ಬಾಯಿ ಮಾಡುವವಳಿಗೆ ಅಂದು ಏನಾಗಿತ್ತು? ಕಾರಿನ ಹತ್ತಿರ ಇನ್ನು ಬರಬೇಡ ಎಂದುಬಿಟ್ಟಾನೆಂದು ಹೆದರಿದೆ. ಇಷ್ಟು ವಯಸ್ಸಾಗಿ ನನ್ನ ಪಾಲಿನ ಬೈಗುಳವನ್ನು ಸೊಸೆಯ ತಲೆಗೆ ಕಟ್ಟಿದೆ. ಅದನ್ನು ಒಪ್ಪಿಕೊಳ್ಳಲಿಕ್ಕೇ ಈ ಮೈಕಿಗೆ ಬಂದದ್ದು. ನಿಮ್ಮ ಹೂವಿನ ಹಾರಕ್ಕಲ್ಲ.

ಚಲಪತೀ, ತಲೆ ಎತ್ತು. ಆ ನಾಲ್ಕು ತಿಂಗಳು ನಿನ್ನ ಹೆಂಡತಿ ಕಣ್ಣಿಗೆ ಕಾಡಿಗೆಯನ್ನೇ ಹಚ್ಚಿರಲಿಲ್ಲ. ಹಚ್ಚಲು ಹೊತ್ತೆಲ್ಲಿತ್ತು? ಹಿತ್ತಾಳೆಯ ಮೇಲೆ ಸಾಸಿವೆಯಷ್ಟು ಕಪ್ಪು ಕಂಡಿತು ನಿನಗೆ. ಎದುರಿಗೆ ಕೂತವಳ ಬರಿಗಣ್ಣು ಕಾಣಲಿಲ್ಲವೇ?

ಶಾಮಲಾ ಎಲ್ಲಿ ಎಂದು ತಿರುಗಿ ನೋಡುತ್ತಿದ್ದೀರಿ. ಒಳಗಿಲ್ಲ. ನೀವೆಲ್ಲ ಬರುವಾಗ ಮುಟ್ಟಿ ಮುಟ್ಟಿ ಬಂದಿರಲ್ಲ, ಆ ಬೆರಳಚ್ಚುಗಳನ್ನು ಹೊರಗೆ ನಿಂತು ಒರೆಸುತ್ತಿದ್ದಾಳೆ.

ವೆಂಕಟರಮಣಪ್ಪನವರೇ, ಈ ಪತ್ರ ಇಲ್ಲೇ ಮೇಜಿನ ಮೇಲಿರಲಿ, ಮನೆಗೆ ಒಯ್ಯುವುದಿಲ್ಲ. 'ಹೊಳಪು: ಶಾಮಲಾ' ಎಂದು ಬರೆದ ಹೊಸ ಪತ್ರ ಬೇಕು. ಕೊಡುತ್ತೀರೋ ಇಲ್ಲವೋ, ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆಯಿರಿ. ದಪ್ಪ ಅಕ್ಷರದಲ್ಲಿ ಬರೆಯಿರಿ, ನಾನೇ ಓದಬೇಕು. ಬರೆಯದಿದ್ದರೆ? ಹೊರಗೆ ನಿಮ್ಮ ಹತ್ತೊಂಬತ್ತು ಕಾರುಗಳು ಥಳಥಳ ಅನ್ನುತ್ತಿವೆ. ಕಾಡಿಗೆ ಡಬ್ಬಿ ನನ್ನ ಸೊಂಟದಲ್ಲೇ ಇದೆ.

ಮೈಕು ಕೊಟ್ಟದ್ದು, ನಡುವೆ ಕಿತ್ತುಕೊಳ್ಳದೆ ಇದ್ದದ್ದು ನಿಮ್ಮೆಲ್ಲರ ದೊಡ್ಡ ಉಪಕಾರ. ಹೊರಗೆ ಹೋಗುವಾಗ ಕಾರನ್ನು ಮುಟ್ಟಬೇಡಿ, ಅವಳನ್ನು ಮಾತನಾಡಿಸಿ. ನಮಸ್ಕಾರ.