ಹೆಬ್ಬಾಳದ ಚರಂಡಿಯಲ್ಲಿ ಹರಿದ ಕೆಂಪು ನೀರಿನ ಬಗ್ಗೆ

ಹೆಸರು ಕೃಷ್ಣವೇಣಿ, ವೇಣುಗೋಪಾಲ ಅವರ ಹೆಂಡತಿ, ವಯಸ್ಸು 47 ವರ್ಷ, ವಿದ್ಯೆ ಎಂ.ಎ., ಉದ್ಯೋಗ ಯಶವಂತಪುರದ ಒಂದು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿ, ವಾಸ ಆರ್.ಟಿ. ನಗರ ಎರಡನೇ ಬ್ಲಾಕ್, ಬೆಂಗಳೂರು. ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವವರು ರಜೆಯಲ್ಲಿರುವುದರಿಂದ ಸಬ್ ಇನ್ಸ್‌ಪೆಕ್ಟರ್ ಆನಂದಪ್ಪನವರ ಅಪ್ಪಣೆಯಂತೆ ನನ್ನ ಕೈಯಲ್ಲೇ ಬರೆದು ಈ ಮೂಲಕ ತಿಳಿಸುವುದೇನೆಂದರೆ:

ಮೊನ್ನೆ ಬುಧವಾರ ಹೆಬ್ಬಾಳದ ಮೆಕ್ಯಾನಿಕ್ ವಹಾಬ್ ಅವರು ನನ್ನ ಗಂಡನನ್ನು ಕೊಂದಿರಬಹುದೆಂಬ ಅನುಮಾನದ ಮೇಲೆ ಅವರನ್ನು ಈ ಠಾಣೆಗೆ ಕರೆತರಲಾಗಿತ್ತು. ನನ್ನ ಗಂಡ ಬದುಕಿದ್ದಾರೆ. ಈಗ ಠಾಣೆಯ ಹೊರಗೆ ಕಾರಿನಲ್ಲಿ ಕುಳಿತು ಕಡಲೇಕಾಯಿ ತಿನ್ನುತ್ತಿದ್ದಾರೆ. ಆದರೂ ದೂರು ಮುಗಿಸಲು ನಡೆದದ್ದೆಲ್ಲ ಮೊದಲಿನಿಂದ ಬೇಕೆಂದು ಕೇಳಿದ್ದರಿಂದ ಬರೆಯುತ್ತಿದ್ದೇನೆ.

ಈ ವರ್ಷ ಜನವರಿ 16ರಂದು ನಾನು ಯಲಹಂಕದ ಒಬ್ಬ ನಿವೃತ್ತ ವಿಮಾನ ಚಾಲಕರಿಂದ 1957ರ ಒಂದು ವಿಲಾಯಿತಿ ಸ್ಪೋರ್ಟ್ಸ್ ಕಾರನ್ನು ಕೊಂಡೆ. ಬಣ್ಣ ಹಸಿರು. ಸೀಟು ಎರಡೇ. ಮೀಟರು ಮೈಲಿಯಲ್ಲಿರುವುದರಿಂದ ದೂರಗಳನ್ನು ಮೈಲಿಯಲ್ಲೇ ಬರೆದಿದ್ದೇನೆ. 1958ರಲ್ಲಿ ನಾನು ಎಂ.ಎ. ಓದುತ್ತಿದ್ದಾಗ ಒಂದು ಬೆಳಗ್ಗೆ ಬಸ್ಸಿಗೆ ಕಾಯುತ್ತ ಪದ್ಯವೊಂದನ್ನು ಬಾಯಿಪಾಠ ಮಾಡುತ್ತಿದ್ದೆ. ಇದೇ ಕಾರು ಎದುರಿಗೆ ಹಾದುಹೋಯಿತು. ಪದ್ಯದ ಮುಂದಿನ ಸಾಲು ಇವತ್ತಿಗೂ ನೆನಪಾಗುವುದಿಲ್ಲ. ಇದು ಪ್ರಕರಣಕ್ಕೆ ಬೇಡವೆಂದು ಆನಂದಪ್ಪನವರು ಹೇಳಿದರು. ಈ ವಯಸ್ಸಿನಲ್ಲಿ ಇಂಥ ಕಾರು ಏಕೆ ಕೊಂಡಿರಿ ಎಂದು ಅವರೇ ಕೇಳಿದ್ದರಿಂದ ಬಿಡಲಿಲ್ಲ.

ಜನವರಿ 30, ಭಾನುವಾರ ಬೆಳಗ್ಗೆ 8.10ಕ್ಕೆ ನಾನು ಕಾರು ನಡೆಸುತ್ತ, ನನ್ನ ಗಂಡ ಪಕ್ಕದಲ್ಲಿ ಕುಳಿತು, ನಂದಿಬೆಟ್ಟದ ಕಡೆ ಹೊರಟೆವು. ಹುಣಸಮಾರನಹಳ್ಳಿ ಹತ್ತಿರ ರೇಡಿಯೇಟರಿನಿಂದ ನೀರು ಸೋರತೊಡಗಿತು. ನಾನು ಸುಮಾರು 200 ಗಜ ದೂರದ ಒಂದು ಮನೆಗೆ ಹೋಗಿ ಬಿಂದಿಗೆಯಲ್ಲಿ ನೀರು ತಂದೆ. ಹೋಗಿಬರಲು ಹದಿನೈದು ನಿಮಿಷ ಹಿಡಿದಿರಬಹುದು. ನಾನು ಬಂದಾಗ ಒಬ್ಬ ಲಾರಿ ಚಾಲಕ ನನ್ನ ಗಂಡನಿಗೆ ಏನೋ ಹೇಳಿ ನಗುತ್ತ ಹೊರಟುಹೋಗುತ್ತಿದ್ದ. ನೀರು ತುಂಬಿದ ಮೇಲೆ ಸೋರಿಕೆ ನಿಂತಿತು. ನಾನು ಆಶ್ಚರ್ಯಪಟ್ಟೆ. ನನ್ನ ಗಂಡ ಮನೆ ತಲುಪುವವರೆಗೂ ಸಿಳ್ಳೆ ಹಾಕುತ್ತಿದ್ದರು. ಅವರು ತಾರ್ ಆಫೀಸಿನಲ್ಲಿದ್ದಾರೆ. ಸಿಳ್ಳೆ ಹಾಕುವವರಲ್ಲ.

ಅಲ್ಲಿಂದ ಮುಂದೆ ಕಾರು ಐದು ಮೈಲಿ ಓಡಿದರೆ ಸಾಕು, ಶಾಖದ ಮುಳ್ಳು ಕೆಂಪು ಗೆರೆ ದಾಟುತ್ತಿತ್ತು. ಮುಂದಿನಿಂದ ಆವಿ, ಹಿಂದಿನಿಂದ ಬಿಳಿ ಹೊಗೆ. ಇಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತು. ಫೆಬ್ರವರಿಯಲ್ಲಿ ಮೂರು ಗ್ಯಾರೇಜಿನವರು ನೋಡಿದರು. ಇಂಜಿನ್ನಿನ ಬ್ಲಾಕೇ ಸೀಳಿದೆ, ಎಸೆದು ಬೇರೆ ಗಾಡಿಯ ಡೀಸೆಲ್ ಇಂಜಿನ್ ಕೂರಿಸಿ ಎಂದು ಮೂವರೂ ಹೇಳಿದರು. ಮೂರನೆಯವರು ಅದರಲ್ಲಿ ತರಕಾರಿಯನ್ನೂ ಸಾಗಿಸಬಹುದೆಂದರು. ನಾನು ಅಂದು ಊಟ ಮಾಡಲಿಲ್ಲ.

ಫೆಬ್ರವರಿ 27, ಭಾನುವಾರ ಹೆಬ್ಬಾಳದ ವಹಾಬ್ ಅವರ ಶೆಡ್ಡಿಗೆ ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಹೋದೆವು. ವಹಾಬ್ ಅವರಿಗೆ 55 ವರ್ಷವಿರಬಹುದು. ಶೆಡ್ಡಿನ ಹಿಂದೆಯೇ ಮನೆ. ಅವರು ಯಾವ ಉಪಕರಣವನ್ನೂ ಮುಟ್ಟಲಿಲ್ಲ. ಒಂದು ಲೋಟ ನೀರು ತರಿಸಿ, ಇಂಜಿನ್ ಹತ್ತು ನಿಮಿಷ ಓಡಿದ ಮೇಲೆ, ಬೆರಳದ್ದಿ ಇಂಜಿನ್ನಿನ ಉದ್ದಕ್ಕೂ ಹನಿ ಚಿಮುಕಿಸುತ್ತ ಹೋದರು. ಮುಂದೆ ಬಿದ್ದ ಹನಿಗಳು ನಿಧಾನವಾಗಿ ಆರಿದವು. ಹಿಂದೆ ಬಿದ್ದವು ಬಿದ್ದ ತಕ್ಷಣ ಚುಯ್ ಎಂದು ಮಾಯವಾದವು. ಒಳಗಿನ ನೀರು ಹಿಂದಿನ ಎರಡು ಸಿಲಿಂಡರುಗಳನ್ನು ಮುಟ್ಟುತ್ತಲೇ ಇಲ್ಲ, ದಾರಿಯಲ್ಲಿ ಏನೋ ಕಟ್ಟಿಕೊಂಡಿದೆ, ಆ ಶಾಖಕ್ಕೆ ಬ್ಲಾಕಿಗೂ ಅದರ ಮುಚ್ಚಳಕ್ಕೂ ನಡುವಿನ ಗ್ಯಾಸ್ಕೆಟ್ ಸುಟ್ಟಿದೆ, ಬ್ಲಾಕ್ ಸೀಳಿದೆಯೋ ಇಲ್ಲವೋ ಬಿಚ್ಚಿಯೇ ನೋಡಬೇಕು ಎಂದರು. ದೇವರಿಗೆ ಹೂವಿನಿಂದ ನೀರು ಪ್ರೋಕ್ಷಿಸುವುದನ್ನು ನೋಡಿ ಬೆಳೆದವಳು ನಾನು. ಹೀಗೂ ಒಂದು ಉಪಯೋಗವಿದೆಯೆಂದು ಗೊತ್ತಿರಲಿಲ್ಲ.

ಮಾರ್ಚ್ 6, ಭಾನುವಾರ ಬೆಳಗ್ಗೆ 11 ಗಂಟೆಗೆ ನಾನು ಹೋದಾಗ ಇಂಜಿನ್ ಬಿಚ್ಚಿತ್ತು. ಗ್ಯಾಸ್ಕೆಟ್ ಮೂರನೇ ಮತ್ತು ನಾಲ್ಕನೇ ಸಿಲಿಂಡರಿನ ನಡುವೆ ಸುಟ್ಟಿತ್ತು. ನೀರಿನ ದಾರಿಗಳಲ್ಲಿ ಹಳದಿ ಕೆಸರು ಗಟ್ಟಿಯಾಗಿತ್ತು. ತುಕ್ಕಿರಬಹುದೆಂದು ವಹಾಬ್ ಅಂದುಕೊಂಡಿದ್ದರು. ಅವರು ಬ್ಲಾಕಿನ ಮೇಲೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿ ಬೇಕೆಂದರು. ನನ್ನ ಕೈಚೀಲದಲ್ಲಿ ಕಾಲೇಜಿನ ಸೀಮೆಸುಣ್ಣ ಎರಡು ತುಂಡು ಇದ್ದವು, ಕೊಟ್ಟೆ. ಸೀಳಿದ್ದರೆ ಒಳಗೆ ಇಳಿದ ಸೀಮೆಎಣ್ಣೆ ಮೇಲೆ ಬಂದು ಪುಡಿಯಲ್ಲಿ ಕೂದಲೆಳೆಯ ಗೆರೆ ಮೂಡುತ್ತದೆ ಎಂದು ಹೇಳಿದರು. ಇಪ್ಪತ್ತು ನಿಮಿಷ ಇಬ್ಬರೂ ಸ್ಟೂಲಿನ ಮೇಲೆ ಕುಳಿತು ನೋಡಿದೆವು. ಎಷ್ಟೋ ವರ್ಷ ಆ ಸುಣ್ಣದಲ್ಲಿ ಬೋರ್ಡಿನ ಮೇಲೆ ಗೆರೆ ಎಳೆದಿದ್ದೇನೆ. ಗೆರೆ ಮೂಡದಿರಲಿ ಎಂದು ಬೇಡಿಕೊಂಡದ್ದು ಅದೇ ಮೊದಲು. ಮೂಡಲಿಲ್ಲ.

ಕೂಲಿ ಎಷ್ಟೆಂದು ಕೇಳಿದಾಗ ವಹಾಬ್ ಬೇರೆ ಕಡೆ ನೋಡುತ್ತ, ಮಾರ್ಚ್ 11ರ ಶುಕ್ರವಾರ ತಮ್ಮ ಒಬ್ಬಳೇ ಮಗಳು ತಾಹೆರಾಳ ನಿಕಾಹ್ ಇದೆ, ಅವಳು ಒಂದು ವಾರದಿಂದ ಕಿಟಕಿಯಲ್ಲಿ ನಿಂತು ಈ ಕಾರನ್ನೇ ನೋಡುತ್ತಿದ್ದಾಳೆ, ಅಂದು ಅವಳನ್ನು ಇದರಲ್ಲಿ ಮದುವೆ ಮನೆಗೆ ಬಿಟ್ಟರೆ ಅದೇ ಕೂಲಿ ಎಂದರು. ಗಾಡಿಯಲ್ಲಿ ಎರಡೇ ಸೀಟು, ಮದುಮಗಳ ಪಕ್ಕ ಗಂಡಸು ಡ್ರೈವರನನ್ನು ಕೂರಿಸುವುದು ಹೇಗೆ ಎಂದು ಯೋಚಿಸಿದ್ದೆ, ನೀವೇ ಓಡಿಸುತ್ತೀರಲ್ಲ ಎಂದರು. ಒಪ್ಪಿದೆ.

ಮಾರ್ಚ್ 9, ಬುಧವಾರದ ವಿಷಯ. ನಾನು ಕಾಲೇಜಿನಲ್ಲಿ ಪರೀಕ್ಷೆಯ ಮೇಲ್ವಿಚಾರಣೆಯಲ್ಲಿದ್ದುದರಿಂದ ಈ ಭಾಗ ನನ್ನ ಗಂಡ ಮತ್ತು ವಹಾಬ್ ಹೇಳಿದ್ದು. ವಹಾಬ್ ಮನೆಯವರೆಲ್ಲ ಮದುವೆಯ ಬಟ್ಟೆಗೆಂದು ಶಿವಾಜಿನಗರಕ್ಕೆ ಹೋಗಿದ್ದರು. ರಜೆ ಹಾಕಿದ್ದ ನನ್ನ ಗಂಡ 10.30ಕ್ಕೆ ಶೆಡ್ಡಿಗೆ ಹೋದರು. 11.15ಕ್ಕೆ ವಹಾಬ್ ಕೆಸರು ಕರಗಿಸಲು ಕುದಿನೀರಿಗೆ ವಾಷಿಂಗ್ ಸೋಡಾ ಹಾಕಿ ರೇಡಿಯೇಟರಿಗೂ ಬ್ಲಾಕಿಗೂ ಸುರಿದರು. ನೀರು ಕಡುಗೆಂಪಾಯಿತು. ಜೊತೆಗೆ ವಾಸನೆ ಎದ್ದಿತು. ವಹಾಬ್ ಬಗ್ಗಿ ಮೂಸಿದರು.

“ಸಾರ್, ಇದು ಇಂಜಿನ್ನಾ, ಇಲ್ಲ ಹುಳಿ ಮಾಡೋ ಪಾತ್ರೆನಾ? ಅರಿಶಿನ ಹಾಕ್ದೋರು ಯಾರು?”

ನನ್ನ ಗಂಡ ಗೊತ್ತಿಲ್ಲವೆಂದರು. ಹಳೆಯ ಮಾಲೀಕರಿರಬಹುದೆಂದರು. ವಹಾಬ್ ಇದು ಈಚಿನದು, ವಾಸನೆ ಹೋಗಿಲ್ಲ ಎಂದರು. ನನ್ನ ಗಂಡ ತಾರ್ ಆಫೀಸಿನವರನ್ನು ಯಾರೂ ಹೀಗೆ ವಿಚಾರಿಸಿದ್ದಿಲ್ಲ ಎಂದು ಕೂಗಿದರು. ವಹಾಬ್ ಕೂಡ ಕೂಗಿದರು. ಎದುರು ಮನೆಯ ಗೋಪಾಲಮ್ಮನವರು ಮಾಳಿಗೆಯಲ್ಲಿ ಹಪ್ಪಳ ಹರವುತ್ತಿದ್ದರು, ಜಗಳ ಕೇಳಿತು. ಅಷ್ಟರಲ್ಲಿ ರಬ್ಬರ್ ಪೈಪು ಕಳಚಿ ನನ್ನ ಗಂಡನ ಬಿಳಿ ಶರಟಿಗೂ ಕನ್ನಡಕಕ್ಕೂ ನೀರು ಹಾರಿತು. ಉಳಿದದ್ದು ಚರಂಡಿಗಿಳಿದು ಸುಮಾರು 30 ಅಡಿ ಹರಿದು ಗೋಪಾಲಮ್ಮನವರ ರಂಗೋಲಿಯ ಪಕ್ಕ ನಿಂತಿತು.

ಶರಟು ಒದ್ದೆಯಾದ ಮೇಲೆ ನನ್ನ ಗಂಡ ನಿಜ ಒಪ್ಪಿಕೊಂಡರು. ಹುಣಸಮಾರನಹಳ್ಳಿಯಲ್ಲಿ ನಾನು ನೀರಿಗೆ ಹೋಗಿದ್ದಾಗ, ಆ ಲಾರಿ ಚಾಲಕ ಸೋರಿಕೆಗೆ ಒಂದು ಚಮಚ ಅರಿಶಿನ ಸಾಕೆಂದನಂತೆ. ಇವರು ಎದುರಿನ ಅಂಗಡಿಯಿಂದ ಅರ್ಧ ಕಿಲೋ ತಂದು ಪೂರ್ತಿ ಸುರಿದಿದ್ದರು. ಹೆಂಡತಿಯ ಕಾರನ್ನು ಒಮ್ಮೆಯಾದರೂ ತಾನು ಸರಿಮಾಡಬೇಕೆಂಬ ಆಸೆಯಿತ್ತಂತೆ. ಪ್ರಾಯಶ್ಚಿತ್ತವಾಗಿ ರೇಡಿಯೇಟರನ್ನು ಯಶವಂತಪುರಕ್ಕೆ ತಾವೇ ಹೊತ್ತು ಬೆಸುಗೆ ಹಾಕಿಸಿ ತರುವೆನೆಂದರು. ಶರಟನ್ನೂ ಕನ್ನಡಕವನ್ನೂ ಶೆಡ್ಡಿನಲ್ಲಿ ಬಿಟ್ಟು, ವಹಾಬ್ ಅವರ ನೀಲಿ ಮೇಲಂಗಿ ತೊಟ್ಟು, 12.05ಕ್ಕೆ ಆಟೋ ಹತ್ತಿದರು. ರೇಡಿಯೇಟರ್ ಗೋಣಿಚೀಲದಲ್ಲಿತ್ತು. ಚೀಲದಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು.

ಗೋಪಾಲಮ್ಮನವರು ಕಂಡದ್ದು ಇಷ್ಟು: ಬಿಳಿ ಶರಟಿನವರು ಒಳಗೆ ಹೋದರು, ಜಗಳವಾಯಿತು, ರಕ್ತ ಹರಿಯಿತು, ನೀಲಿ ಅಂಗಿಯ ಕೆಲಸದವನೊಬ್ಬ ತೊಟ್ಟಿಕ್ಕುವ ಚೀಲ ಸಾಗಿಸಿದ, ಬಿಳಿ ಶರಟಿನವರು ಹೊರಗೆ ಬರಲಿಲ್ಲ. ಅವರು ಠಾಣೆಗೆ ಬಂದದ್ದು ತಪ್ಪಲ್ಲ. ಅವರ ಜಾಗದಲ್ಲಿ ನಾನಿದ್ದರೂ ಬರುತ್ತಿದ್ದೆ. 1.10ಕ್ಕೆ ಪೊಲೀಸರು ಶೆಡ್ಡಿಗೆ ಹೋಗಿ ವಹಾಬ್ ಅವರನ್ನೂ, ಶರಟು, ಕನ್ನಡಕ, ಒಂದು ಬಾಟಲಿ ಚರಂಡಿ ನೀರನ್ನೂ ತಂದರು. ವಹಾಬ್ ಹೇಳಿದ್ದನ್ನು ವಿಚಾರಿಸಲು ಯಶವಂತಪುರಕ್ಕೆ ಹೋದ ಪೇದೆಗೆ ಬೆಸುಗೆಯ ಅಂಗಡಿ ಊಟಕ್ಕೆ ಮುಚ್ಚಿದ್ದು ಕಂಡಿತು.

2.20ಕ್ಕೆ ಕಾಲೇಜಿಗೆ ಫೋನು ಬಂತು. ಒಂದು ಶರಟು ಗುರುತಿಸಲು ಬರಬೇಕೆಂದರು. ಠಾಣೆಗೆ ಬರಲು ಆಟೋದಲ್ಲಿ 35 ನಿಮಿಷ ಹಿಡಿಯಿತು. ದಾರಿಯಲ್ಲಿ ಏನು ಯೋಚಿಸಿದೆನೆಂದು ಕೇಳಬಾರದಾಗಿ ವಿನಂತಿ. ನಾನು ಆಟೋ ಹತ್ತಿದ ಹೊತ್ತಿಗೆ ನನ್ನ ಗಂಡ ಕಾಲೇಜಿನಿಂದ 300 ಗಜ ದೂರದ ಹೋಟೆಲಿನಲ್ಲಿ ಎರಡನೇ ಮಸಾಲೆ ದೋಸೆ ತಿನ್ನುತ್ತಿದ್ದರೆಂದು ಆಮೇಲೆ ತಿಳಿಯಿತು.

3.05ಕ್ಕೆ ಆನಂದಪ್ಪನವರು ಮೇಜಿನ ಮೇಲೆ ಶರಟು ಹರಡಿದರು. ಎರಡನೇ ಗುಂಡಿ ನೀಲಿ ದಾರದಲ್ಲಿತ್ತು, ನಾನೇ ಹೊಲಿದದ್ದು. ಕುರ್ಚಿ ಕೊಟ್ಟರು. ವಹಾಬ್ ಮೂಲೆಯ ಬೆಂಚಿನಲ್ಲಿದ್ದರು. ಅವರು ಒಂದೇ ಮಾತು ಹೇಳಿದರು.

“ಅಮ್ಮಾ, ಸಾರ್ ಚೆನ್ನಾಗಿದಾರೆ. ಶುಕ್ರವಾರದೊಳಗೆ ನನ್ನ ಬಿಡ್ಸಿ.”

ನಾನು ಶರಟನ್ನು ಮುಖಕ್ಕೆ ಒತ್ತಿಕೊಂಡೆ. ಅಳುತ್ತಿದ್ದೇನೆಂದು ಎಲ್ಲರೂ ತಿಳಿದರು. ನಾನು ಮೂಸುತ್ತಿದ್ದೆ. ಅಡುಗೆಮನೆಯ ವಾಸನೆ. ಕಾಲರಿನ ಕೆಳಗೆ, ಸೋಡಾ ಮುಟ್ಟದ ಕಡೆ, ಕಲೆ ಹಳದಿಯಾಗಿತ್ತು. ಮುಖ್ಯಪೇದೆ ಚಿಕ್ಕಬೈರಪ್ಪನವರು ಬಾಗಿಲಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅವರ ಡಬ್ಬಿಯಿಂದ ಒಂದು ಬೆರಳು ಸುಣ್ಣ ಕೇಳಿ ಪಡೆದು ಆ ಹಳದಿಗೆ ಹಚ್ಚಿದೆ. ಐದು ಎಣಿಸುವಷ್ಟರಲ್ಲಿ ಅದು ಕೆಂಪಾಯಿತು.

ಚಿಕ್ಕಬೈರಪ್ಪನವರು ಬಗ್ಗಿ ನೋಡಿದರು.

“ಸಾರ್, ಇದು ರಕ್ತ ಅಲ್ಲ ಕಣ್ರೀ, ಆರತಿ ನೀರು. ನಮ್ಮನೇಲಿ ಅಬ್ಬ ಬಂದ್ರೆ ಇಂಗೇ ಮಾಡ್ತಾರೆ.”

ಆನಂದಪ್ಪನವರು ಬಾಟಲಿಯ ಮುಚ್ಚಳ ತೆಗೆದು ಮೂಸಿ, ಬೇಗ ಮುಚ್ಚಿದರು. ಆದರೂ ಬಣ್ಣ ರುಜುವಾತಾದರೆ ಮನುಷ್ಯ ರುಜುವಾತಾದಂತಲ್ಲ, ನಿಮ್ಮ ಯಜಮಾನರು ಕಣ್ಣಿಗೆ ಬೀಳುವವರೆಗೆ ಬಿಡಲಾಗದು ಎಂದರು. ಅದು ನ್ಯಾಯವೇ. ಕಾದೆವು.

4.35ಕ್ಕೆ ನೀಲಿ ಮೇಲಂಗಿಯ ಒಬ್ಬರು ಗೋಣಿಚೀಲ ಹೊತ್ತು ಠಾಣೆಯೊಳಗೆ ಬಂದು, ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ, ತಮ್ಮ ಮೆಕ್ಯಾನಿಕ್ ಕಾಣೆಯಾಗಿದ್ದಾರೆ, ತಮ್ಮ ಶರಟು ಕಳುವಾಗಿದೆ, ದೂರು ಬರೆದುಕೊಳ್ಳಿ ಎಂದರು. ಬೆಂಚಿನಲ್ಲಿ ಕುಳಿತ ನಾನಾಗಲಿ ವಹಾಬ್ ಆಗಲಿ ಅವರಿಗೆ ಕಾಣಲಿಲ್ಲ. ಚಿಕ್ಕಬೈರಪ್ಪನವರು ಗೋಡೆಯ ಕಡೆ ತಿರುಗಿಕೊಂಡರು. ಅವರ ಭುಜ ಅಲ್ಲಾಡುತ್ತಿತ್ತು. ನಾನು ಎದ್ದು ಹೋಗಿ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಅವರ ಕಿವಿಗೇರಿಸಿದೆ. ಅವರು ನನ್ನನ್ನು, ಶರಟನ್ನು, ನನ್ನ ಬೆರಳಿನ ಸುಣ್ಣವನ್ನು ನೋಡಿದರು.

“ಅರ್ಧ ಕಿಲೋ ಜಾಸ್ತಿಯಾಯ್ತು ಅಲ್ವೇನೇ?” ಎಂದರು.

ಆಮೇಲೆ ಎಲ್ಲವನ್ನೂ ಆನಂದಪ್ಪನವರ ಮುಂದೆ ಹೇಳಿದರು. 5.00ಕ್ಕೆ ವಹಾಬ್ ಅವರನ್ನು ಬಿಟ್ಟರು.

ಮಾರ್ಚ್ 10, ಗುರುವಾರ ಬ್ಲಾಕನ್ನು ಹನ್ನೊಂದು ಸಲ ತೊಳೆಯಲಾಯಿತು. ನೀರು ಕೆಂಪು, ಕೇಸರಿ, ನಿಂಬೆಹಣ್ಣಿನ ಬಣ್ಣವಾಗಿ, ಕೊನೆಗೆ ಬಣ್ಣವೇ ಇಲ್ಲದಾಯಿತು. ಪ್ರತಿ ಬಿಂದಿಗೆಯನ್ನೂ ನನ್ನ ಗಂಡನೇ ಹೊತ್ತರು. ಅಂಗಡಿಯಲ್ಲಿ ಸಿಗದ ಗ್ಯಾಸ್ಕೆಟನ್ನು ವಹಾಬ್ ತಾಮ್ರದ ತಗಡಿನಲ್ಲಿ ಕೈಯಿಂದ ಕತ್ತರಿಸಿ ಕೂರಿಸಿದರು. ಸಂಜೆ 4.50ಕ್ಕೆ ಇಂಜಿನ್ ಮೂರನೇ ತಿರುವಿಗೆ ಶುರುವಾಯಿತು. ವಹಾಬ್ ಲೋಟ ಹಿಡಿದು ಮತ್ತೆ ಹನಿ ಚಿಮುಕಿಸಿದರು. ಮುಂದಿನಿಂದ ಹಿಂದಿನವರೆಗೆ ಎಲ್ಲ ಹನಿಗಳೂ ಒಂದೇ ಲಯದಲ್ಲಿ ಆರಿದವು. ಅವರು ಲೋಟದಲ್ಲಿ ಉಳಿದ ನೀರು ಕುಡಿದರು.

ಮಾರ್ಚ್ 11, ಶುಕ್ರವಾರ 2.30ಕ್ಕೆ ತಾಹೆರಾ ಕಾರು ಹತ್ತಿದಳು. ಹೊರಡುವಷ್ಟರಲ್ಲಿ ಗೋಪಾಲಮ್ಮನವರು ತಟ್ಟೆ ಹಿಡಿದು ರಸ್ತೆ ದಾಟಿ ಬಂದರು. ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಕದಡಿದ ನೀರು. ಕಣ್ಣು ಬಿದ್ದಿದೆ, ನನ್ನದೇ ಬಿದ್ದಿದೆ, ನಾನೇ ತೆಗೆಯಬೇಕು, ತೆಗೆಯಲೇ ಎಂದು ವಹಾಬ್ ಅವರನ್ನು ಕೇಳಿದರು. ವಹಾಬ್ ತಲೆಯಾಡಿಸಿ, ಕಾರಿಗೂ ತೆಗೆಯಿರಿ ಎಂದರು. ಅವರು ಮದುಮಗಳಿಗೆ ಮೂರು ಸುತ್ತು, ಬಾನೆಟ್ಟಿಗೆ ಮೂರು ಸುತ್ತು ನಿವಾಳಿಸಿ, ಆ ಕೆಂಪು ನೀರನ್ನು ಬುಧವಾರ ಹರಿದ ಚರಂಡಿಗೇ ಚೆಲ್ಲಿದರು. ಯಾರೂ ಪೊಲೀಸರನ್ನು ಕರೆಯಲಿಲ್ಲ.

ಮದುವೆ ಮನೆಗೆ ಒಂದೂ ಮುಕ್ಕಾಲು ಮೈಲಿ. ತಾಹೆರಾ ಸುತ್ತಿಕೊಂಡು ಹೋಗೋಣವೇ ಎಂದು ಮೆಲ್ಲನೆ ಕೇಳಿದಳು. ಆದ್ದರಿಂದ ಆರು ಮೈಲಿಯಾಯಿತು. ಐದನೇ ಮೈಲಿಯಲ್ಲಿ ನಾನು ಶಾಖದ ಮುಳ್ಳನ್ನು ನೋಡಿದೆ. ನಡುವೆ ನಿಂತಿತ್ತು. ಮದುವೆ ಮನೆಯ ಬಾಗಿಲಲ್ಲಿ ವಹಾಬ್ ಗಡಿಯಾರ ನೋಡುತ್ತ ನಿಂತಿದ್ದರು. ತಡವಾದದ್ದಕ್ಕೆ ನಾನೇ ಹೊಣೆ, ಆ ಹುಡುಗಿಯಲ್ಲ.

ವಹಾಬ್ ಅವರ ಮೇಲೆ ನನ್ನದು ಯಾವ ದೂರೂ ಇಲ್ಲ. ಶರಟು ಹಿಂದಿರುಗಿಸಬೇಕು, ನಾನು ಅದನ್ನು ಒಗೆಯುವುದಿಲ್ಲ. ಬಾಟಲಿಯ ನೀರನ್ನು ಗಿಡದ ಬುಡಕ್ಕೆ ಹಾಕಬೇಡಿ, ಅದರಲ್ಲಿ ಸೋಡಾ ಇದೆ.

ಇದರಲ್ಲಿ ನಾನು ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದ್ದೆಂದು ಹೇಳಿ ಬರೆದಿದ್ದೇನೆ. ಆನಂದಪ್ಪನವರು ಗಟ್ಟಿಯಾಗಿ ಓದಿಸಿ ಕೇಳಿದರು. ಎಲ್ಲವೂ ಸತ್ಯ.

ಸ್ಥಳ: ಹೆಬ್ಬಾಳ, ಬೆಂಗಳೂರು
ತಾರೀಖು: 12-3-1983, ಬೆಳಗ್ಗೆ 11.40
ಸಹಿ: ಕೃಷ್ಣವೇಣಿ