ಗೋಡೆಯೆಲ್ಲ ಹಸಿರಾದಾಗ

ಒಂದೂರಲ್ಲಿ ಶ್ರೀಮಂತನಿದ್ದ ಎಂದ ಕೂಡಲೇ ನಿಮ್ಮ ಕಣ್ಣಮುಂದೆ ಬಂಗಾರದ ಸರ, ರೇಷ್ಮೆ ಶಲ್ಯ ಬರುತ್ತವೆ, ಅಲ್ಲವೇ? ನಮ್ಮ ಶ್ರೀಮಂತನ ಬಳಿ ಇದ್ದದ್ದು ಒಂದು ಕಂಪನಿ. ಆಂಬುಲೆನ್ಸ್ ಬೇಕೆಂದು ಯಾರಾದರೂ ಫೋನ್ ಮಾಡಿದರೆ, ಆ ಕರೆಯನ್ನು ಹತ್ತಿರದ ಗಾಡಿಗೆ ಮುಟ್ಟಿಸುವ ಸಾಫ್ಟ್‌ವೇರ್ ಅಲ್ಲಿ ತಯಾರಾಗುತ್ತಿತ್ತು.

ಆ ಆಫೀಸಿನಲ್ಲಿ ಒಂದು ಪದ್ಧತಿ. ಮಾಡಬೇಕಾದ ಪ್ರತಿ ಕೆಲಸವನ್ನೂ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುವರು. ಗಿರಾಕಿಯ ಕಣ್ಣಿಗೆ ಕಂಡು ಖುಷಿ ಕೊಡುವ ಕೆಲಸಕ್ಕೆ ಹಸಿರು ಚೀಟಿ. ಅಪಾಯ ತಪ್ಪಿಸುವ ಕೆಲಸಕ್ಕೆ ಹಳದಿ. ನಾಳಿನ ಕೆಲಸವನ್ನು ಹಗುರ ಮಾಡುವುದಕ್ಕೆ ನೀಲಿ. ನೋಡಿ, ಕೆಲಸ ಎಷ್ಟಿದೆ ಎಂದು ಕೇಳಲಿಲ್ಲ. ಅದರಿಂದ ಆಗುವ ಒಳ್ಳೆಯದು ಯಾವ ಬಗೆಯದು ಎಂದು ಕೇಳಿದರು.

ಆದರೆ ಶ್ರೀಮಂತನಿಗೆ ಹಸಿರೆಂದರೆ ಪ್ರಾಣ. ಹಸಿರು ಚೀಟಿ ಬರೆದವರ ಬೆನ್ನು ತಟ್ಟುವನು, ಹಳದಿ ಕಂಡರೆ ಮುಖ ಸಿಂಡರಿಸುವನು. ಕೆಲಸದವರೇನು ದಡ್ಡರೇ? ಎಲ್ಲವನ್ನೂ ಹಸಿರಿನಲ್ಲೇ ಬರೆಯತೊಡಗಿದರು. ಗೋಡೆ ಪೂರ್ತಿ ಹಸಿರಾಯಿತು, ಶ್ರೀಮಂತ ಹಿರಿಹಿರಿ ಹಿಗ್ಗಿದ.

ಕೆಲಸ ಹಂಚುವ ಹೆಣ್ಣುಮಗಳೊಬ್ಬಳು ಕೇಳಿದಳು: "ಸಾರ್, ಎಲ್ಲಾ ಹಸಿರೇ ಆದ್ರೆ ನಾನು ಯಾವ್ದನ್ನ ಮೊದ್ಲು ಎತ್ಕೊಳ್ಲಿ?" ಅಡಿಯಲ್ಲಿ ಮುಚ್ಚಿಹೋಗಿದ್ದ ಒಂದು ಹಸಿರು ಚೀಟಿ ಕಿತ್ತು ತೋರಿಸಿದಳು. ಕರೆ ಹೋಗುವ ಮುಖ್ಯ ಲೈನ್ ಕಡಿದರೆ ಕರೆಯನ್ನು ಬೇರೆ ದಾರಿಯಲ್ಲಿ ಗಾಡಿಗೆ ಕಳಿಸುವ ಕೆಲಸ ಅದು. "ಇದು ಹಸಿರಲ್ಲ ಸಾರ್, ಹಳದಿ."

"ಅದನ್ನ ಯಾರಮ್ಮ ನೋಡ್ತಾರೆ?"

"ಯಾರೂ ನೋಡಲ್ಲ ಸಾರ್. ಆದ್ರೂ ಮೊದ್ಲು ಇದೇ ಆಗ್ಬೇಕು."

"ಏನಾದ್ರೂ ಮಾಡ್ಕೊಳ್ಳಿ" ಎಂದು ಗೊಣಗುತ್ತ ಹೋದ. ಅವಳು ಆ ಚೀಟಿಯ ಕೆಲಸವನ್ನೇ ಮೊದಲು ಮಾಡಿಸಿದಳು.

ಮಳೆಗಾಲ ಬಂತು. ಒಂದು ಮಧ್ಯಾಹ್ನ ಊಟ ಬಡಿಸುತ್ತಿದ್ದ ಹೆಂಡತಿ ಎದೆ ಹಿಡಿದುಕೊಂಡು ಕುಸಿದಳು. ಶ್ರೀಮಂತ ಆಂಬುಲೆನ್ಸಿಗೆ ಫೋನ್ ಮಾಡಿದ. ಗಾಡಿ ಬಂತು. "ಸರಿಯಾದ ಹೊತ್ತಿಗೆ ತಂದ್ರಿ, ಉಳ್ಕೊಂಡ್ರು" ಎಂದರು ಆಸ್ಪತ್ರೆಯ ಡಾಕ್ಟರು. ಅವನು ಹೊರಗೋಡಿ ಡ್ರೈವರನ ಕೈ ಹಿಡಿದುಕೊಂಡ.

"ಬಿರುಗಾಳಿಗೆ ಬೆಳಗ್ಗಿಂದ ಮೇನ್ ಲೈನೇ ಇಲ್ಲ ಸಾರ್" ಎಂದ ಡ್ರೈವರ್. "ಆದ್ರೂ ಕರೆ ಬರ್ತಾನೇ ಇದೆ. ಹೇಗೋ ಏನೋ, ದೇವ್ರಿಗೇ ಗೊತ್ತು."

ಶ್ರೀಮಂತನಿಗೂ ಗೊತ್ತಿತ್ತು. ಆ ಬೆಳಗ್ಗಿನಿಂದ ಹಾಗೆ ಎಷ್ಟು ಮನೆಗಳಿಗೆ ಗಾಡಿ ಹೋಗಿರಬಹುದು? ಬದುಕಿ ಉಳಿದವರಿಗೆ ಅದರ ಸುಳಿವೇ ಇಲ್ಲ. ಯಾರು ಉಳಿಸಿದರೆಂದು ಅವರು ಕೇಳುವುದೂ ಇಲ್ಲ. ಹೆಂಡತಿ ಚೇತರಿಸಿಕೊಂಡ ಮೇಲೆ ಅವನು ಆಫೀಸಿಗೆ ಬಂದು, ಚಪ್ಪಲಿ ಕಳಚಿ, ಆ ಗೋಡೆಯ ಮುಂದೆ ನಿಂತ. ಆಮೇಲೆ ಆ ಹೆಣ್ಣುಮಗಳನ್ನು ಕರೆದು, "ಎಲ್ಲಾ ಚೀಟಿ ಇಳಿಸಮ್ಮ. ನಿಜವಾದ ಬಣ್ಣದಲ್ಲಿ ಮತ್ತೆ ಬರೆಯೋಣ" ಎಂದ.

ಈಗ ನಿಮ್ಮ ಗೋಡೆ ನೋಡಿಕೊಳ್ಳಿ. ಹಬ್ಬಕ್ಕೆ ಮನೆಗೆ ಸುಣ್ಣಬಣ್ಣ ಮಾಡಿಸಿದ್ದೀರಿ, ನೆಂಟರೆಲ್ಲ ಹೊಗಳಿದರು. ಒಳಗೆ ಗ್ಯಾಸಿನ ಪೈಪು ಬಿರುಕು ಬಿಟ್ಟಿದೆಯೇ, ನೋಡಿದಿರಾ? ಮಗನ ಹುಟ್ಟುಹಬ್ಬಕ್ಕೆ ಊರಿಗೇ ಊಟ ಹಾಕಿದಿರಿ. ಅವನ ಪಕ್ಕ ಕೂತು ಪಾಠ ಕೇಳಿದಿರಾ? ಹಸಿರು ಬೇಡವೆನ್ನುವುದಿಲ್ಲ, ಹಸಿರೂ ಬೇಕು. ನಾಳೆ ಎದ್ದ ಕೂಡಲೇ ಪ್ರತಿ ಕೆಲಸವನ್ನೂ ಕೇಳಿ: ನಿನ್ನಿಂದ ಆಗುವ ಒಳ್ಳೆಯದು ಯಾವ ಬಗೆಯದು? ಹಳದಿಯೊಂದನ್ನು ಮೊದಲು ಮುಗಿಸಿ. ಯಾರೂ ಹೊಗಳುವುದಿಲ್ಲ. ಸಂಜೆ ಎಲ್ಲರೂ ಸುಖವಾಗಿ ಮನೆಗೆ ಬಂದು ಊಟಕ್ಕೆ ಕೂತಿರುತ್ತಾರಲ್ಲ, ಆಗ ಅವರ ಮುಖ ನೋಡಿ.